ಕೆಂಪು ಕೊರಳವಸ್ತ್ರ

"ಹಗ್ಗ ಜಾರಿ ಹೋಗಿತ್ತು. ಜೊತೆಯವರಿಬ್ಬರೂ ನನಗಿಂತ ಎಷ್ಟೋ ಕೆಳಗೆ, ಚಾಚಿಕೊಂಡ ಒಂದು ಕಲ್ಲಿನ ಮೇಲೆ, ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ರು. ಮಳೆ ಮುಖಕ್ಕೆ ಹೊಡೀತಾ ಇತ್ತು. ಆಗ ನಾನೇನು ಮಾಡಿದೆ?"

ಈ ಪ್ರಶ್ನೆಯಾದ ಮೇಲೆ ಶಿಬಿರದ ಮೇಷ್ಟ್ರು ಕೊರಳಿನ ಕೆಂಪು ವಸ್ತ್ರವನ್ನು ಒಮ್ಮೆ ಮುಟ್ಟಿಕೊಂಡು, ಕೇಳುವವರ ಮುಖಗಳನ್ನು ಒಂದೊಂದಾಗಿ ದಿಟ್ಟಿಸುವುದು ವಾಡಿಕೆ. ಯೌವನದಲ್ಲಿ ಅವರು ಆ ಬಂಡೆಯನ್ನು ಬರಿಗೈಯಲ್ಲಿ ಏರಿದ್ದೂ, ತುದಿಯಲ್ಲಿ ಬಿಟ್ಟುಬಂದಿದ್ದ ಇನ್ನೊಂದು ಹಗ್ಗವನ್ನು ಇಳಿಬಿಟ್ಟು ಇಬ್ಬರ ಜೀವ ಉಳಿಸಿದ್ದೂ, ಉಗುರು ಕಿತ್ತುಹೋಗಿದ್ದ ಅವರ ಕೈಗಳನ್ನು ಕಂಡು ತಂಡದ ನಾಯಕ ತನ್ನ ಕೊರಳಿನ ಆ ವಸ್ತ್ರವನ್ನೇ ಬಿಚ್ಚಿ ಅವರಿಗೆ ಕಟ್ಟಿದ್ದೂ ಸುಳ್ಳಲ್ಲ. ಆದರೆ ನಿಜವೆಂಬ ಮಾತ್ರಕ್ಕೆ ಒಂದು ಕಥೆಯನ್ನು ಬೆಳಗಿನ ಬ್ರೆಡ್ಡಿನೊಂದಿಗೂ, ಮಧ್ಯಾಹ್ನದ ನಡಿಗೆಯಲ್ಲೂ, ತೊರೆಯ ನೀರಿನಲ್ಲಿ ಕಾಲಿಟ್ಟು ನಿಂತಾಗಲೂ ಕೇಳಿಸಿಕೊಳ್ಳುವ ತಾಳ್ಮೆ ಹದಿನೈದರ ವಯಸ್ಸಿಗೆ ಇರುವುದಿಲ್ಲ. ಎರಡನೆಯ ದಿನ ಬೆಳಗಾಗುವ ಹೊತ್ತಿಗೇ, ಎಲ್ಲರೂ ಏಣಿ ಎಂದು ಕರೆಯುತ್ತಿದ್ದ ಉದ್ದನೆಯ ಹುಡುಗ ಟವೆಲ್ಲನ್ನು ಕೊರಳಿಗೆ ಸುತ್ತಿಕೊಂಡು, "ಆಗ ನಾನೇನು ಮಾಡಿದೆ?" ಎಂದು ಕೇಳುವುದೂ, ಗುಡಾರದೊಳಗಿನವರೆಲ್ಲ ಒಕ್ಕೊರಲಿನಿಂದ, "ಕತೆ ಹೇಳಿ ಸಾಯಿಸಿದೆ!" ಎನ್ನುವುದೂ ರೂಢಿಯಾಗಿಬಿಟ್ಟಿತ್ತು.

ಶಿಬಿರ ನಡೆಸುವ ಸಂಸ್ಥೆಗೆ ಈಗ ಮೇಷ್ಟ್ರ ತಂಗಿಯ ಮಗನೇ ನಿರ್ದೇಶಕ. ಶಿಬಿರಕ್ಕೆ ಹೊರಡುವ ದಿನ ಅವನು ಸೋದರಮಾವನನ್ನು ಉಗ್ರಾಣಕ್ಕೆ ಕರೆದೊಯ್ದು, ಮಡಿಸಿಟ್ಟ ಗುಡಾರಗಳ ಮೇಲೆ ಕೂರಿಸಿದ್ದ.

"ಮಾವ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ನಡುಗುತ್ತೆ ಅಂತ ದೂರು ಬಂದಿದೆ."

"ಯಾವನೋ ಅವನು ಹೇಳಿದ್ದು? ನಿನಗೆ ಗಂಟು ಹಾಕೋದು ಕಲಿಸಿದ ಕೈ ಕಣೋ ಇದು."

"ಅದಕ್ಕೇ ಕೊನೇ ಅವಕಾಶ ಕೊಡ್ತಿರೋದು. ಮುಗಿಯೋ ದಿನ ಅಪ್ಪ ಅಮ್ಮಂದಿರು ಬರ್ತಾರಲ್ಲ, ಅವರ ಮುಂದೆ ಬಂಡೆ ಇಳಿದು ತೋರಿಸಿ. ಯಾರ ಸಹಾಯಾನೂ ಇಲ್ಲದೆ ಇಳಿದ್ರೆ ಮುಂದಿನ ವರ್ಷವೂ ಶಿಬಿರ ನಿಮ್ಮದೇ. ಇಲ್ಲಾಂದ್ರೆ, ಇಲ್ಲೇ ಉಗ್ರಾಣ ನೋಡ್ಕೊಂಡು ಆರಾಮಾಗಿರಿ."

ಮೇಷ್ಟ್ರು ಆ ಕೋಣೆಯಲ್ಲಿ ಕಣ್ಣಾಡಿಸಿದರು. ಪಕ್ಕದ ಕಟ್ಟಡದ ಗೋಡೆಗೆ ಮುಖಮಾಡಿದ ಒಂದೇ ಕಿಟಕಿ, ಒದ್ದೆ ಕ್ಯಾನ್ವಾಸಿನ ವಾಸನೆ, ಮೊಳೆಗಳಿಗೆ ತೂಗಿಬಿದ್ದ ಹಗ್ಗಗಳು. ಎದ್ದು ಹೊರನಡೆದರು. ಬಾಗಿಲಾಚೆ ಚೀಲ ಕಟ್ಟುತ್ತಿದ್ದ ಏಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಸ್ಸು ಮೊದಲ ತಿರುವು ದಾಟುವುದರೊಳಗೆ ಅದು ಹಿಂದಿನ ಸೀಟಿನವರೆಗೂ ತಲುಪಿತ್ತು.

ಬಂಡೆಯ ಮೇಲೆ ಮೇಷ್ಟ್ರದು ಕಟ್ಟುನಿಟ್ಟಾದ ಕ್ರಮ. ಇಳಿಯುವವನು ಸೊಂಟಪಟ್ಟಿಯ ಮುಂದಿರುವ ಎಂಟರ ಆಕಾರದ ಲೋಹದ ಬಳೆಯಲ್ಲಿ ಹಗ್ಗ ಸುತ್ತಿ, ಅದನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಳ್ಳುತ್ತ ಜಾರಬೇಕು. ಅವನ ಬೆನ್ನಿಗೆ ಕಟ್ಟಿದ ಕಾವಲು ಹಗ್ಗವನ್ನು ಮೇಲಿನವರು ಮರಕ್ಕೊಂದು ಸುತ್ತು ಹಾಕಿ ಹಿಡಿದಿರಬೇಕು. ಇಳಿಯುವ ಮುನ್ನ ಇನ್ನೊಬ್ಬರು ಅವನನ್ನು ಕಾಲಿನಿಂದ ತಲೆಯವರೆಗೆ ಪರೀಕ್ಷಿಸಿ, ಕೂದಲಾಗಲಿ ಬಟ್ಟೆಯಾಗಲಿ ಜೋತುಬಿದ್ದಿಲ್ಲವೆಂದು ಖಚಿತಪಡಿಸಿಕೊಂಡು, "ಸರಿಯಿದೆ" ಎನ್ನಬೇಕು. ಆಮೇಲೆ ಅವನು ಇಳಿದಷ್ಟಕ್ಕೆ ಸಡಿಲಿಸುವುದಲ್ಲದೆ, ಅವನಾಗಿ ಗಟ್ಟಿಯಾಗಿ ಕೂಗಿ ಹೇಳುವವರೆಗೆ ಕಾವಲು ಹಗ್ಗವನ್ನು ಪೂರ್ತಿ ಬಿಡುವಂತೆಯೂ ಇಲ್ಲ, ಎಳೆಯುವಂತೆಯೂ ಇಲ್ಲ. "ಪಿಸುಮಾತಿಗೆ ಬಂಡೆ ಮೇಲೆ ಬೆಲೆ ಇಲ್ಲ. ಹೆತ್ತ ತಾಯೇ ನೇತಾಡ್ತಿದ್ರೂ ಅಷ್ಟೇ," ಎನ್ನುತ್ತಿದ್ದರು.

ಎರಡನೆಯ ದಿನದ ಅಭ್ಯಾಸದಲ್ಲಿ ಒಬ್ಬ ಹುಡುಗಿಯ ಸರದಿ ಬಂತು. ಮೊಣಕಾಲು ಮುಟ್ಟುವ ಕೂದಲಿದ್ದುದರಿಂದ ಅವಳಿಗೆ ಜಡೆ ಎಂದೇ ಹೆಸರು. ತೀರಿಕೊಳ್ಳುವ ಹಿಂದಿನ ದಿನದವರೆಗೂ ಅವಳ ಅಜ್ಜಿ, ಇನ್ನಾರಿಗೂ ಬಾಚಣಿಗೆ ಕೊಡದೆ, ತಾನೇ ಹೆಣೆಯುತ್ತಿದ್ದ ಜಡೆ ಅದು. ಅಂದು ಪರೀಕ್ಷಿಸಿದವರು ಸ್ವತಃ ಮೇಷ್ಟ್ರು. ಅವರು ಆ ಹೊತ್ತಿನಲ್ಲಿ ಕಥೆಯ ನಡುವೆ, ಮಳೆ ಮುಖಕ್ಕೆ ಹೊಡೆಯುವ ಘಟ್ಟದಲ್ಲಿದ್ದರು. ಅವಳತ್ತ ತಿರುಗದೆಯೇ "ಸರಿಯಿದೆ" ಎಂದರು.

ಅರ್ಧ ಇಳಿಯುವಷ್ಟರಲ್ಲಿ ಜಡೆ ಭುಜದಿಂದ ಜಾರಿ, ಹಗ್ಗದೊಡನೆ ಬಳೆಯೊಳಗೆ ಸೇರಿಕೊಂಡಿತು. ಅವಳು ಕಿರುಚಿದಳು.

"ಮೇಲಕ್ಕೆ ಒಂದು ಮೊಳ ಎಳೆದ್ರೆ ಬಿಟ್ಕೊಳ್ಳುತ್ತೆ ಸರ್," ಎಂದ, ಕಾವಲು ಹಗ್ಗ ಹಿಡಿದಿದ್ದ ಏಣಿ.

"ನನಗೆ ಹೇಳಿಕೊಡ್ತೀಯೇನೋ? ಒಬ್ಬೊಬ್ಬರನ್ನೂ ಎಳ್ಕೊಂಡು ಕೂತ್ರೆ ಕತ್ತಲಾಗುತ್ತೆ."

ಮೇಷ್ಟ್ರು ಇನ್ನೊಂದು ಹಗ್ಗದಲ್ಲಿ ಇಳಿದುಹೋಗಿ, ಸೊಂಟದ ಚಾಕುವನ್ನು ತೆಗೆದು, ಕಿವಿಯ ಪಕ್ಕದಲ್ಲಿಯೇ ಜಡೆಯನ್ನು ಕೊಯ್ದರು. ಚಾಕು ಮೊಂಡಾಗಿತ್ತು, ಗರಗಸದಂತೆ ಎಳೆಯಬೇಕಾಯಿತು. "ಕೂದಲಿಗೆ ಯಾರಾದ್ರೂ ಅಳ್ತಾರೇನಮ್ಮ? ನನಗೆ ಹತ್ತೂ ಉಗುರು ಹೋಗಿತ್ತು, ಅತ್ತೆನಾ?" ಎಂದು ಕೆಳಗಿನವರಿಗೆ ಕೇಳುವಂತೆ ಹೇಳಿದರು. ಕೆಳಗೆ ನಗು ಎದ್ದಿತು. ಸಂಜೆ ಯಾರೋ ಆ ಜಡೆಯನ್ನು ಅಡುಗೆ ಗುಡಾರದ ಕಂಬಕ್ಕೆ ಕಟ್ಟಿದರು. ಮರುದಿನವೂ, ಅದರ ಮರುದಿನವೂ ಅವಳನ್ನು ಎಲ್ಲರೂ ಜಡೆ ಎಂದೇ ಕರೆದರು. ಅವಳು ಓಗೊಟ್ಟಳು. ಪಾತ್ರೆ ತೊಳೆದಳು, ಚೀಲ ಹೊತ್ತಳು, ಕಾವಲು ಹಗ್ಗ ಹಿಡಿಯುವುದನ್ನು ಬೇರೆಲ್ಲರಿಗಿಂತ ಚೆನ್ನಾಗಿ ಕಲಿತಳು. ಆದ್ದರಿಂದ ಕೊನೆಯ ದಿನ ಮೇಷ್ಟ್ರು ತಮ್ಮ ಹಗ್ಗಕ್ಕೆ ಅವಳನ್ನೂ ಏಣಿಯನ್ನೂ ಆರಿಸಿಕೊಂಡದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಅಂದು ಬಿಸಿಲು ಚೆನ್ನಾಗಿತ್ತು. ಬಂಡೆಯ ಬುಡದಲ್ಲಿ ತಂದೆತಾಯಿಯರು ಕೈಯನ್ನು ಕಣ್ಣಿಗೆ ಮರೆಮಾಡಿ ನಿಂತಿದ್ದರು. ಅವರ ಮುಂದೆ, ಕೈಕಟ್ಟಿಕೊಂಡು, ನಿರ್ದೇಶಕ. ಮೇಷ್ಟ್ರು ಅಂಚಿಗೆ ಬಂದು, ಅಂಗಿಯೊಳಗೆ ಸೇರಿಸಿಟ್ಟಿದ್ದ ಕೆಂಪು ವಸ್ತ್ರವನ್ನು ಹೊರಗೆಳೆದು, ಕೆಳಗಿನವರಿಗೆ ಕಾಣುವಂತೆ ಎದೆಯ ಮೇಲೆ ಹರಡಿಕೊಂಡರು.

"ನೋಡಮ್ಮ, ಪರೀಕ್ಷೆ ಮಾಡು. ಕ್ರಮ ಅಂದ್ರೆ ಕ್ರಮ."

ಹುಡುಗಿ ಅವರು ಕಲಿಸಿದಂತೆಯೇ ಬೂಟಿನ ದಾರದಿಂದ ಮೊದಲುಮಾಡಿದಳು. ಪಟ್ಟಿಯನ್ನು ಜಗ್ಗಿ ನೋಡಿದಳು, ಗಂಟನ್ನು ಹಿಂಡಿ ನೋಡಿದಳು, ಬಳೆಯ ಕೊಂಡಿಯನ್ನು ತಿರುಗಿಸಿ ನೋಡಿದಳು. ಕೊರಳಿನ ಹತ್ತಿರ ಅವಳ ಕಣ್ಣು ಕೊಂಚ ಹೊತ್ತು ನಿಂತಿತು.

"ಸರಿಯಿದೆ ಸರ್."

ಇಳಿಯುವಾಗ ಮೇಷ್ಟ್ರ ಕೈ ನಡುಗಲಿಲ್ಲ. ಕಾಲುಗಳನ್ನು ಅಗಲಿಸಿ, ಬೆನ್ನನ್ನು ನೆಟ್ಟಗಿರಿಸಿ, ಅವರು ಹಳೆಯ ಅಂದದಿಂದಲೇ ಜಾರಿದರು. ಎರಡಾಳುದ್ದ ಇಳಿದು, ಹಿಡಿತ ನೋಡಿಕೊಳ್ಳಲೆಂದು ಮುಂದಕ್ಕೆ ಬಾಗಿದಾಗ, ವಸ್ತ್ರದ ತುದಿ ಬಳೆಯ ಮೇಲೆ ಬಿದ್ದಿತು. ಹಗ್ಗ ಅದನ್ನು ಒಳಕ್ಕೆ ಸೆಳೆದುಕೊಂಡಿತು. ಗದ್ದ ಎದೆಗೆ ತಾಗಿತು, ಮೂಗು ಬಳೆಯಿಂದ ಒಂದು ಗೇಣಿನಷ್ಟು ದೂರದಲ್ಲಿ ನಿಂತಿತು. ಉಸಿರಾಡಬಹುದಿತ್ತು, ತಲೆ ಎತ್ತಲಾಗುತ್ತಿರಲಿಲ್ಲ. ಚಾಕುವಿಗಾಗಿ ಕೈ ಸೊಂಟಕ್ಕೆ ಹೋಯಿತು. ಅಂಗಿಯ ಅಂದ ಕೆಡುತ್ತದೆಂದು ಅದನ್ನು ಅವರೇ ಬೆಳಿಗ್ಗೆ ಗುಡಾರದಲ್ಲಿ ಬಿಚ್ಚಿಟ್ಟಿದ್ದರು.

"ಮಾವ, ಯಾಕೆ ನಿಂತ್ರಿ?" ಕೆಳಗಿನಿಂದ ನಿರ್ದೇಶಕ ಕೂಗಿದ. "ಎಳೆಸಬೇಕಾ?"

"ಬೇಡ, ಬೇಡ! ನಡುದಾರೀಲಿ ಹೇಗೆ ನಿಲ್ಲೋದು ಅಂತ ತೋರಿಸ್ತಿದ್ದೀನಿ!"

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಆ ಸದ್ದಿನ ಮರೆಯಲ್ಲಿ ಮೇಷ್ಟ್ರು, ಬಗ್ಗಿಸಿದ ಮುಖದಿಂದಲೇ, ಮೇಲಿನವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದರು: "ಮಗೂ, ಸ್ವಲ್ಪ ಎಳಿ. ಒಂದು ಮೊಳ ಸಾಕು."

ಹಗ್ಗ ಅಲುಗಲಿಲ್ಲ.

"ಎಳೆಯೋಣ ಕಣೆ," ಎಂದ ಏಣಿ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. "ಪಾಪ, ಕುತ್ತಿಗೆ ನೋಡು."

"ಅವರು ಕೂಗಿಲ್ಲವಲ್ಲ," ಎಂದಳು ಹುಡುಗಿ. ಅವಳ ಎರಡೂ ಅಂಗೈಗಳು ಹಗ್ಗದ ಮೇಲೆ ಕಲಿಸಿದ ಜಾಗದಲ್ಲಿಯೇ, ಕಲಿಸಿದಷ್ಟೇ ಬಿಗಿಯಾಗಿ ಇದ್ದವು. ಅವಳು ಅಂಚಿನಿಂದಾಚೆಗೆ ಬಾಗಿದಳು. ಒಂದು ಕಡೆ ಕಿವಿಯವರೆಗೆ, ಇನ್ನೊಂದು ಕಡೆ ಭುಜದವರೆಗೆ ಉಳಿದಿದ್ದ ಕೂದಲು ಗಾಳಿಗೆ ಹಾರುತ್ತಿತ್ತು.

"ಜೋರಾಗಿ ಹೇಳಿ ಸರ್. ಪಿಸುಮಾತು ಕೇಳಿಸಲ್ಲ."

ಮೇಷ್ಟ್ರ ಬಾಗಿದ ತಲೆಗೆ ಕೆಳಗಿನ ನೆಲವಷ್ಟೇ ಕಾಣುತ್ತಿತ್ತು: ಮೇಲೆತ್ತಿದ ಮುಖಗಳ ನಡುವೆ ತಂಗಿಯ ಮಗ ಕಟ್ಟಿದ್ದ ಕೈಯನ್ನು ಬಿಚ್ಚಿ, ಗಡಿಯಾರ ನೋಡಿಕೊಂಡು, ಮತ್ತೆ ಕಟ್ಟಿದ. ಚಪ್ಪಾಳೆ ಒಬ್ಬೊಬ್ಬರದಾಗಿ ನಿಂತುಹೋಯಿತು. ಬೂಟಿನ ತುದಿ ತಗುಲಿ ಒಂದು ಹರಳುಗಲ್ಲು ಕಳಚಿ, ಬಂಡೆಗೆ ತಾಗುತ್ತ ತಾಗುತ್ತ ಕೆಳಗಿಳಿಯಿತು.

"ಹೊತ್ತು ಹೋಗಲ್ಲ ಅಂದ್ರೆ," ಮೇಲಿನಿಂದ ಹುಡುಗಿಯ ದನಿ, ಪಾಠ ಕೇಳುವ ಮಕ್ಕಳ ವಿನಯದಿಂದ ಬಂತು, "ಆ ಕತೆ ಇನ್ನೊಂದ್ಸಲ ಹೇಳಿ ಸರ್. ಹಗ್ಗ ಜಾರಿ ಹೋಗಿತ್ತಲ್ಲ, ಅಲ್ಲಿಂದ."