ಮೂರು ಸುಳ್ಳು ಗೀಟುಗಳು

ನಾನು ಒಂದು ಬ್ರಷ್ಷು. ಹಲ್ಲುಜ್ಜುವುದಲ್ಲ, ಬಟ್ಟೆ ಉಜ್ಜುವುದೂ ಅಲ್ಲ. ಹೊಗೆ ಹೋಗುವ ಚಿಮಣಿಯೊಳಗೆ ಹತ್ತಿ ಮಸಿ ಕೆರೆಯುವ ಬ್ರಷ್ಷು. ಈಗ ಮಡಿಕೇರಿಯ ಒಂದು ಮನೆಯಲ್ಲಿ ಗೋಡೆಯ ಮೊಳೆಗೆ ನೇತುಬಿದ್ದಿದ್ದೇನೆ. ಬಂದ ನೆಂಟರು ನನ್ನನ್ನು ನೋಡಿ, ಹಳೇ ಕಾಲದ ವಸ್ತು, ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಅವರು ಹಾಗೆ ಅಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ನಾನು ಹುಟ್ಟಿದ್ದು ಸೋಮವಾರಪೇಟೆಯ ಮೇದರ ಕೇರಿಯಲ್ಲಿ, ಕೆಂಚವ್ವ ಎಂಬ ಮುದುಕಿಯ ಮಡಿಲಲ್ಲಿ. ಬೈನೆ ಮರದ ಕಪ್ಪು ನಾರನ್ನು ಅವಳು ನೀರಿನಲ್ಲಿ ನೆನೆಸಿ, ಬಾಚಿ, ಗಟ್ಟಿ ಮರದ ಗುಂಡಿಗೆ ಸುತ್ತಲೂ ಚುಚ್ಚಿ ಕಟ್ಟಿದಳು. ಮುಳ್ಳುಹಂದಿಗೆ ಕೋಪ ಬಂದರೆ ಹೇಗಿರುತ್ತದೆಯೋ ಹಾಗಿದ್ದೆ. ನನ್ನನ್ನು ಕೊಂಡವನು ಐತಪ್ಪ. ಮಡಿಕೇರಿಯ ಹಳೆಯ ಬಂಗಲೆಗಳ ಚಿಮಣಿ ಉಜ್ಜುವುದೇ ಅವನ ಕಸುಬು. ಯಜಮಾನನನ್ನು ಏಕವಚನದಲ್ಲಿ ಕರೆಯುತ್ತೇನೆಂದು ಯಾರೂ ತಪ್ಪು ತಿಳಿಯಬಾರದು. ಹದಿನೈದು ವರ್ಷ ಜೊತೆಯಾಗಿ ಮಸಿ ತಿಂದವರ ನಡುವೆ ಬಹುವಚನ ಎಲ್ಲಿಂದ ಬರಬೇಕು?

ನನ್ನ ಜೊತೆ ಕೆಂಚವ್ವ ಒಂದು ಬಿದಿರಿನ ಬಳೆಯನ್ನೂ ಕೊಟ್ಟಳು. ಬುಟ್ಟಿಯ ಬಾಯಿಯಷ್ಟು ದೊಡ್ಡ ಬಳೆ.

"ನೋಡಪ್ಪ, ಬ್ರಷ್ಷು ಈ ಬಳೇಲಿ ಸಿಕ್ಕಾಕ್ಕೊಂಡು ನಿಲ್ಬೇಕು. ಜಾರಿ ಕೆಳಗೆ ಬಿತ್ತು ಅಂದ್ರೆ ನಾರು ಸವೆದದೆ ಅಂತ ತಿಳ್ಕೊ. ತಂದುಕೊಡು, ಬೇರೆ ಕಟ್ಟಿಕೊಡ್ತೀನಿ."

ಐತಪ್ಪ ತಲೆಯಾಡಿಸಿ, ಬಳೆಯನ್ನು ಮನೆಯ ಬಾಗಿಲ ಹಿಂದೆ ಮೊಳೆಗೆ ಹಾಕಿದ.

ಅವನ ಕೆಲಸಕ್ಕೆ ಒಂದು ಕಟ್ಟುಪಾಡು ಇತ್ತು. ಅಗ್ಗಿಷ್ಟಿಕೆಯ ಬಾಯಿಗೆ ಒದ್ದೆ ಗೋಣಿ ಕಟ್ಟಿ, ಬಿದಿರಿನ ಗಳದ ತುದಿಗೆ ನನ್ನನ್ನು ಸಿಕ್ಕಿಸಿ ಕೆಳಗಿನಿಂದ ಮೇಲಕ್ಕೆ ನೂಕುತ್ತಿದ್ದ. ಒಂದು ಗಳ ಮುಗಿದರೆ ಅದಕ್ಕೆ ಇನ್ನೊಂದು, ಆಮೇಲೆ ಮತ್ತೊಂದು. ಮನೆಯವರು ಅಂಗಳದಲ್ಲಿ ನಿಂತು ಹೆಂಚಿನ ಮೇಲೆ ಕಣ್ಣಿಟ್ಟಿರಬೇಕು. ನನ್ನ ತಲೆ ಚಿಮಣಿಯಿಂದ ಹೊರಗೆ ಬಂದದ್ದೇ "ಕಂಡಿತು!" ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಐತಪ್ಪ ಆ ಮನೆಯ ಕಾಫಿಯನ್ನು ಮುಟ್ಟುತ್ತಿರಲಿಲ್ಲ. ಕೇಳಿದ ಮೇಲೆ ಸುಣ್ಣದ ಕಡ್ಡಿಯಿಂದ ಅಗ್ಗಿಷ್ಟಿಕೆಯ ಒಳಗೋಡೆಗೆ ಒಂದು ಗೀಟು ಎಳೆಯುತ್ತಿದ್ದ. ವರ್ಷಕ್ಕೆ ಒಂದು. ಆ ಗೀಟು ಇದ್ದರೆ ಈ ಚಳಿಗಾಲಕ್ಕೆ ಹೆದರದೆ ಬೆಂಕಿ ಹಾಕಬಹುದು ಎಂದು ಅರ್ಥ. ಹನ್ನೆರಡು ಮನೆಗಳವರು ಆ ಗೀಟನ್ನು ನಂಬಿದ್ದರು.

ನನಗೂ ಆ ಗಳಿಗೆ ಬಹಳ ಇಷ್ಟ. ಕತ್ತಲೆಯಲ್ಲಿ ಮೈ ಕೆರೆದುಕೊಂಡು ಹತ್ತಿ, ಕೊನೆಗೆ ಆಕಾಶ ನೋಡುವುದು, ಕೆಳಗೆ ಜನ ನನ್ನನ್ನು ಕಂಡು ಕೂಗುವುದು. ಯಾರಿಗೆ ತಾನೇ ಬೇಡ ಹೇಳಿ.

ಎರಡು ವರ್ಷಕ್ಕೊಮ್ಮೆ ಕೆಂಚವ್ವ ನನಗೆ ಹೊಸ ನಾರು ಕಟ್ಟುತ್ತಿದ್ದಳು. ಹನ್ನೊಂದನೆಯ ವರ್ಷ ಅವಳು ತೀರಿಕೊಂಡಳು. ಕೇರಿಯಲ್ಲಿ ಬೈನೆ ನಾರು ಕಟ್ಟುವವರು ಬೇರೆ ಯಾರೂ ಉಳಿದಿರಲಿಲ್ಲ. ಪೇಟೆಯಲ್ಲಿ ತಂತಿಯ ಬ್ರಷ್ಷು ಸಿಗುತ್ತಿತ್ತು. ಐತಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ವಾಪಸು ಇಟ್ಟ.

"ಇದು ನನ್ನ ಕೈಗೆ ಒಗ್ಗಿದ್ದು. ಇನ್ನೊಂದು ವರ್ಷ ಬರ್ತದೆ ಬಿಡು," ಎಂದು ನನ್ನ ತಲೆ ಸವರಿದ. ನಾನು ಉಬ್ಬಿಹೋದೆ. ಬಳೆ ಬಾಗಿಲ ಹಿಂದೆ ಧೂಳು ತಿನ್ನುತ್ತಿತ್ತು. ಅದರ ಕಡೆ ನಾವಿಬ್ಬರೂ ನೋಡಲಿಲ್ಲ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೊದಲೆಲ್ಲ ಚಿಮಣಿಯ ಸೊಂಟದಲ್ಲಿ, ಅಂದರೆ ಅದು ಬಾಗುವ ಜಾಗದಲ್ಲಿ, ನಾನು ಸಿಕ್ಕಿಕೊಳ್ಳುತ್ತಿದ್ದೆ. ಐತಪ್ಪ ಬೆವರು ಸುರಿಸಿ, ಹಿಂದೆ ಎಳೆದು, ಮುಂದೆ ನೂಕಿ, ಮುಕ್ಕಾಲು ಗಂಟೆ ಒದ್ದಾಡುತ್ತಿದ್ದ. ಈಗ ಹತ್ತೇ ನಿಮಿಷಕ್ಕೆ ನಾನು ಆಕಾಶದಲ್ಲಿ. ನಾರು ಸವೆದು ಗಿಡ್ಡವಾಗಿತ್ತು. ಒಂದು ಮಗ್ಗುಲಂತೂ ಪೂರಾ ಬೋಳು. ಗೋಡೆಯನ್ನು ಮುಟ್ಟದೆ ನಡುವಿನಲ್ಲೇ ನುಣುಚಿ ಮೇಲೆ ಬರುತ್ತಿದ್ದೆ.

ಜನರಿಗೆ ಖುಷಿ. "ಐತಪ್ಪನ ಕೈಚಳಕ ಏನು ಮಾರಾಯ್ರೆ, ಗೋಣಿ ಕಟ್ಟಿದ, ಮುಗೀತು!" ಮಸಿ ಮೊದಲಿನಷ್ಟು ಬೀಳುವುದಿಲ್ಲವಲ್ಲ ಎಂದು ಒಬ್ಬರು ಕೇಳಿದರು. "ಈಗ ನೀವು ಒಣ ಸೌದೆ ಉರಿಸ್ತೀರಲ್ಲ, ಅದಕ್ಕೇ ಕಡಿಮೆ," ಎಂದ ಐತಪ್ಪ. ಅವನು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದ. ಗೊತ್ತಿದ್ದದ್ದು ನನಗೆ. ಪ್ರತಿ ಚಿಮಣಿಯ ಸೊಂಟದಲ್ಲೂ ಮಸಿ ಪದರದ ಮೇಲೆ ಪದರ ಗಟ್ಟಿಯಾಗಿ ಕೂತಿದ್ದನ್ನು ನಾನು ಪಕ್ಕದಿಂದಲೇ ನೋಡಿಕೊಂಡು ಹೋಗುತ್ತಿದ್ದೆ. ನನಗೆ ಬಾಯಿಲ್ಲ, ನಿಜ. ಬಾಯಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಹೊಗಳಿಕೆ ಅಷ್ಟು ರುಚಿಯಾಗಿತ್ತು. ಹೀಗೆ ಮೂರು ವರ್ಷ ಕಳೆಯಿತು, ಹನ್ನೆರಡು ಮನೆಗಳಲ್ಲೂ ಮೂರು ಮೂರು ಗೀಟು ಬಿದ್ದವು.

ಆ ಮನೆಗಳಲ್ಲಿ ಒಂದು ದೇಚಮ್ಮ ಟೀಚರದು. ಆ ವರ್ಷ ಅವರ ಮಗಳು ಪೂವಿ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ, ಮಗುವಿಗೆ ಬೆಚ್ಚಗಿರಲೆಂದು ಮಂಚವನ್ನು ಅಗ್ಗಿಷ್ಟಿಕೆಯ ಪಕ್ಕಕ್ಕೇ ಹಾಕಿದ್ದರು. ದಸರಾ ಕಳೆದ ವಾರ ನಾವು ಹೋಗಿ ಉಜ್ಜಿ ಬಂದೆವು. ಹದಿನೈದನೆಯ ಗೀಟು ಬಿತ್ತು. ಅದಾಗಿ ಒಂದು ತಿಂಗಳಿಗೆ, ಒಂದು ಮಧ್ಯಾಹ್ನ, ಚಿಮಣಿಯೊಳಗಿನ ಮಸಿಗೆ ಬೆಂಕಿ ಹತ್ತಿಕೊಂಡಿತು. ಒಳಗಿನಿಂದ ಲಾರಿ ಬಂದ ಹಾಗೆ ಸದ್ದಾಯಿತಂತೆ. ಇಟ್ಟಿಗೆ ಸಿಡಿದು, ಮೇಲಿನ ತೊಲೆಗೆ ಕಿಡಿ ತಾಗಿತು. ಪೂವಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಳಕ್ಕೆ ಓಡಿದಳು. ಅವಳ ಎಡಗೈ ಸುಟ್ಟು ಬೊಬ್ಬೆ ಎದ್ದಿತು. ಅಕ್ಕಪಕ್ಕದವರು ಒದ್ದೆ ಗೋಣಿ, ಮಣ್ಣು ಹಾಕಿ ಹೇಗೋ ಆರಿಸಿದರು.

ಮಾರನೆಯ ಬೆಳಿಗ್ಗೆ ಐತಪ್ಪನಿಗೆ ಕರೆ ಬಂತು. ಅವನು ಅಗ್ಗಿಷ್ಟಿಕೆಯೊಳಗೆ ಕೂತು, ತೋಳುದ್ದ ಕೈ ಹಾಕಿ ಸೊಂಟದ ಹತ್ತಿರ ತಡವಿದ. ಅಂಗೈ ತುಂಬ ದಪ್ಪ ಚಕ್ಕೆ ಬಂತು. ಅದು ಒಂದು ತಿಂಗಳ ಮಸಿಯಲ್ಲ. ಅವನು ಅದನ್ನು ನೋಡಿ, ಮೆಲ್ಲಗೆ ಪಂಚೆಗೆ ಒರೆಸಿಕೊಂಡ.

"ನಿಮ್ಮ ತಪ್ಪೇನಿಲ್ಲ ಐತಪ್ಪ. ನೀವು ಮೊನ್ನೆ ತಾನೇ ಉಜ್ಜಿ ಹೋದ್ರಿ. ಬ್ರಷ್ಷಿನ ತಲೆ ಹೊರಗೆ ಬಂದದ್ದು ನಾನೇ ನೋಡಿದೆನಲ್ಲ. ಚಿಮಣಿಗೆ ವಯಸ್ಸಾಯ್ತು," ಎಂದರು ದೇಚಮ್ಮ.

"ಹೌದಮ್ಮ," ಎಂದ ಐತಪ್ಪ. "ಹಳೇ ಇಟ್ಟಿಗೆ."

ಅವರು ಕೊಟ್ಟ ಕಾಫಿಯನ್ನೂ ಕುಡಿದ. ಚೀಲದೊಳಗಿದ್ದ ನನಗೆ ಅವನ ಗುಟುಕಿನ ಸದ್ದು ಕೇಳುತ್ತಿತ್ತು. ಎಷ್ಟೋ ಮಸಿ ತಿಂದಿದ್ದೇನೆ, ಅಷ್ಟು ಕಹಿ ಯಾವತ್ತೂ ಕಂಡಿರಲಿಲ್ಲ.

ಮನೆಗೆ ಬಂದವನೇ ಬಾಗಿಲ ಹಿಂದಿನ ಬಳೆ ತೆಗೆದ. ಧೂಳು ಊದಿದ. ನನ್ನನ್ನು ನೆಟ್ಟಗೆ ಹಿಡಿದು ಮೇಲಿನಿಂದ ಬಳೆಯನ್ನು ಬಿಟ್ಟ. ಅದು ನನ್ನ ಒಂದು ನಾರನ್ನೂ ಮುಟ್ಟದೆ ನೆಲಕ್ಕೆ ಬಿತ್ತು. ಅವನು ಎತ್ತಿಕೊಂಡು ಮತ್ತೆ ಬಿಟ್ಟ. ಮತ್ತೆ ಹಾಗೆಯೇ ಬಿತ್ತು. ಮೂರನೆಯ ಸಲ ಎತ್ತಿಕೊಳ್ಳಲಿಲ್ಲ. ಮೊಣಕಾಲಿಗೆ ತಲೆ ಆನಿಸಿ ಕೂತುಬಿಟ್ಟ.

ಹೆಂಡತಿ ಕಮಲಾಕ್ಷಿಗೆ ಎಲ್ಲ ಹೇಳಿದ. ಅವಳು ಹೆದರಿದಳು.

"ಟೀಚರಮ್ಮನೇ ನಿಮ್ಮ ತಪ್ಪಲ್ಲ ಅಂದಿದ್ದಾರೆ. ಯಾರೂ ಕೇಳದೆ ನೀವ್ಯಾಕೆ ಹೇಳ್ಕೊಂಡು ತಿರುಗ್ತೀರಿ? ಇಷ್ಟು ವರ್ಷ ಸಂಪಾದಿಸಿದ ಹೆಸರು ಎಂತ ಆಗ್ತದೆ?"

"ಇನ್ನೂ ಹನ್ನೊಂದು ಮನೆ ಉಂಟು ಕಮಲಾ. ಸಂಜೆ ಆಯ್ತು ಅಂದ್ರೆ ಅಲ್ಲೆಲ್ಲ ಬೆಂಕಿ ಹಾಕ್ತಾರೆ. ನನ್ನ ಗೀಟು ನೋಡ್ಕೊಂಡು ಹಾಕ್ತಾರೆ."

ಕಮಲಾಕ್ಷಿ ನೆಲದ ಮೇಲಿದ್ದ ಬಳೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅವನು ಅನ್ನಕ್ಕೂ ಕೂರದೆ ಹೊರಟ. ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಬಳೆ. ಮನೆಯಿಂದ ಮನೆಗೆ ಹೋಗಿ, ಅಂಗಳದಲ್ಲಿ ನಿಂತು, ಎಲ್ಲರ ಮುಂದೆ ಬಳೆಯನ್ನು ನನ್ನ ಮೇಲೆ ಬಿಟ್ಟು ತೋರಿಸುತ್ತಿದ್ದ. "ನೋಡಿ, ನಿಲ್ಲೋದಿಲ್ಲ. ಮೂರು ವರ್ಷದಿಂದ ನಿಮ್ಮ ಚಿಮಣಿ ಉಜ್ಜಿಲ್ಲ ನಾನು. ಬೆಂಕಿ ಹಾಕಬೇಡಿ." ನಿವೃತ್ತ ಸುಬೇದಾರರೊಬ್ಬರು ಬಾಯಿಗೆ ಬಂದ ಹಾಗೆ ಬೈದರು. ಇಬ್ಬರು ಗೇಟಿನಲ್ಲೇ ಮಾತು ಮುಗಿಸಿ ಕಳಿಸಿದರು. ಒಂದು ಮನೆಯಲ್ಲಿ ನಕ್ಕರು, ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಆಕಾಶದಲ್ಲಿ ತಲೆಯೆತ್ತಿ ಮೆರೆದಿದ್ದ ಅದೇ ಅಂಗಳಗಳಲ್ಲಿ ನಾನು ಬೋಳು ಮಗ್ಗುಲು ತೋರಿಸಿಕೊಂಡು ನಿಂತೆ. ಹನ್ನೊಂದು ಮನೆಗಳಲ್ಲೂ ಅವನು ಕೊನೆಯ ಮೂರು ಗೀಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ.

ದೇಚಮ್ಮನವರ ಮನೆ ಕೊನೆಗೆ. ಐತಪ್ಪ ಹೇಳಿ ಮುಗಿಸುವವರೆಗೆ ಅವರು ನಿಂತೇ ಕೇಳಿದರು.

"ಬೆಳಿಗ್ಗೆಯೇ ಗೊತ್ತಿತ್ತಾ ನಿಮಗೆ?"

"ಗೊತ್ತಾಗಿತ್ತಮ್ಮ. ಕೈಗೆ ಚಕ್ಕೆ ಬಂದಾಗಲೇ ಗೊತ್ತಾಯ್ತು. ಆಮೇಲೆ ಕಾಫಿ ಕುಡಿದೆ."

ಕೈಗೆ ಪಟ್ಟಿ ಕಟ್ಟಿಕೊಂಡ ಪೂವಿ ಒಳಗಿನಿಂದ ಬಂದಳು. "ನನ್ನ ಮಗು ಇಲ್ಲೇ ಮಲಗಿತ್ತು," ಎಂದಳು. ಅಷ್ಟೇ ಮಾತು. ಐತಪ್ಪ ಅಗ್ಗಿಷ್ಟಿಕೆಯ ಮುಂದೆ ಕೂತ. ಬಗ್ಗಿ ಅಲ್ಲಿಯೂ ಕೊನೆಯ ಮೂರು ಗೀಟು ಒರೆಸಿದ. ಎದ್ದಾಗ ದೇಚಮ್ಮ ನನ್ನ ಕಡೆ ಬೆರಳು ತೋರಿಸಿ, "ಅದನ್ನ ಇಲ್ಲಿ ಬಿಟ್ಟು ಹೋಗಿ," ಎಂದರು.

ಹಾಗೆ ನಾನು ಈ ಮೊಳೆಗೆ ಬಂದೆ. ಯಾಕೋ ದೇಚಮ್ಮ ನನ್ನ ಬೋಳು ಮಗ್ಗುಲನ್ನು ಗೋಡೆಗೆ ಮಾಡಿ ತೂಗುಹಾಕಿದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಎಷ್ಟು ಮಾನಗೆಟ್ಟರೂ ಮುಚ್ಚಿಕೊಳ್ಳುವ ಆಸೆ ಹೋಗುವುದಿಲ್ಲ.

ಐತಪ್ಪ ತಾನೇ ಬೈನೆ ನಾರು ತಂದು, ಕೆಂಚವ್ವ ಕಟ್ಟುತ್ತಿದ್ದದ್ದನ್ನು ನೆನಪಿಸಿಕೊಂಡು, ಬೆರಳು ಕುಯ್ದುಕೊಂಡು ಹೊಸ ಬ್ರಷ್ಷು ಕಟ್ಟಿದನಂತೆ. ಒಪ್ಪಿದ ಏಳು ಮನೆಗಳ ಚಿಮಣಿ ಮತ್ತೆ ಉಜ್ಜಿದ. ಉಳಿದವರು ಬೇರೆಯವರನ್ನು ಕರೆಸಿದರು. ಈ ಮನೆಯವರು ಸಿಡಿದ ಇಟ್ಟಿಗೆ ಸರಿಮಾಡಿಸಿ ಅವನನ್ನು ಕರೆದದ್ದು ಮುಂದಿನ ದಸರಾ ಕಳೆದ ಮೇಲೆ. ಅವನು ಗೇಟಿನಲ್ಲೇ ನಿಂತ. ಆಗಲೂ ತವರಿನಲ್ಲೇ ಇದ್ದ ಪೂವಿ ಹೋಗಿ ಅವನಿಂದ ಬಳೆ ಇಸಕೊಂಡು ಹೊಸ ಬ್ರಷ್ಷಿನ ಮೇಲೆ ಬಿಟ್ಟಳು. ಅದು ನಿಂತಿತು. ಒತ್ತಿ ನೋಡಿದಳು. ಅಲುಗಲಿಲ್ಲ. "ಬನ್ನಿ," ಎಂದಳು.

ಮುಕ್ಕಾಲು ಗಂಟೆ ಹಿಡಿಯಿತು. ಗೋಣಿಯ ಹಿಂದೆ ಮಸಿ ದಬದಬನೆ ಬಿತ್ತು. ಅಂಗಳದಿಂದ ಪೂವಿ "ಕಂಡಿತು" ಎಂದಳು. ಮೊಳೆಯಲ್ಲಿದ್ದ ನನಗಲ್ಲ ಆ ಕೂಗು. ದೇಚಮ್ಮ ಕಾಫಿ ತಂದರು. ಐತಪ್ಪ ಲೋಟ ಮುಟ್ಟಲಿಲ್ಲ, ಸುಣ್ಣದ ಕಡ್ಡಿಯನ್ನೂ ತೆಗೆಯಲಿಲ್ಲ.

"ಈ ಚಳಿ ಕಳೀಲಿ ಅಮ್ಮ. ಆಮೇಲೆ ಬಂದು ಕುಡೀತೀನಿ."

ಚಳಿ ಕಳೆಯಿತು. ದಿನವೂ ಬೆಂಕಿ ಉರಿಯಿತು, ಹೊಗೆ ನೆಟ್ಟಗೆ ಮೇಲೆ ಹೋಯಿತು. ಮಾರ್ಚಿನ ಒಂದು ಬೆಳಿಗ್ಗೆ ಐತಪ್ಪ ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತ. ಪೂವಿ ಕಾಫಿ ಕೊಟ್ಟು, ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ, ಅಗ್ಗಿಷ್ಟಿಕೆಯೊಳಗೆ ತಾನೇ ಒಂದು ಗೀಟು ಎಳೆದಳು.

ಲೋಟ ತೊಳೆದಿಟ್ಟು ಹೊರಡುವಾಗ ಅವನು ನನ್ನ ಮುಂದೆ ನಿಂತ. ಹಳೆಯ ಸಲಿಗೆಯಿಂದ ತಲೆ ಸವರುತ್ತಾನೇನೋ ಅಂದುಕೊಂಡೆ. ಸವರಲಿಲ್ಲ. ನನ್ನನ್ನು ಮೊಳೆಯಿಂದ ತೆಗೆದು, ಧೂಳು ಕೊಡವಿ, ಬೋಳು ಮಗ್ಗುಲನ್ನು ಹೊರಗೆ ಮಾಡಿ ಮತ್ತೆ ತೂಗುಹಾಕಿದ.