ಉಪದೇಶಿಯ ಪೆಟ್ಟಿಗೆಗೆ ಬಂದ ಬಿಟ್ಟಿ

ನಾನು ಕ್ರೈಸ್ತ ಮಿಶನ್ನಿನ ಉಪದೇಶಿ. ಹದಿನೇಳು ವರ್ಷ ಊರೂರು ತಿರುಗಿ, ಮಾತಾಡಿ ಮಾತಾಡಿ ದಣಿದವನು. ಈ ಕಥೆಯಲ್ಲಿ ತಪ್ಪು ಮಾಡಿದವನೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

೧೯೩೮ರ ಬೇಸಿಗೆ. ತಳಕಲ್ಲಿನ ಆಚೆಗಿನ ಒಂದು ಹಳ್ಳಿಯಲ್ಲಿ ಸಣ್ಣಪ್ಪನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಹುಲಿಗವ್ವ ರೊಟ್ಟಿ ಬಡಿಯುತ್ತಿದ್ದಳು. ತಾಯಿ ಮುದಕಮ್ಮ ಒಲೆಯ ಹೊಗೆಯನ್ನೂ ಸೊಸೆಯನ್ನೂ ಒಟ್ಟಿಗೇ ಬೈಯುತ್ತಿದ್ದಳು. ಮೂವರೂ ಎರಡು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದವರು. ಸಣ್ಣಪ್ಪ ಜ್ವರದಿಂದ ಮಲಗಿದ್ದ.

ಅಂದು ನಾನು ಇಸ್ರಾಯೇಲರ ಕಥೆ ಹೇಳಿದೆ. ಐಗುಪ್ತದ ಅರಸ ಫರೋಹನಿಗೆ ಇಟ್ಟಿಗೆ ಹೊತ್ತು ಬಳಲಿದ ಆ ಜನರ ಗೋಳು ದೇವರಿಗೆ ಕೇಳಿಸಿತು, ಹೊರಟು ಬಂದವರನ್ನು ಆತ ಅಡವಿಯಲ್ಲೂ ಉಪವಾಸ ಕೆಡವಲಿಲ್ಲ, ನಾವೂ ಪಾಪದ ದಾಸತ್ವದಿಂದ ಬಿಡುಗಡೆಯಾದವರು, ದಾರಿಯಲ್ಲಿ ಅವರು ಹಂಬಲಿಸಿದಂತೆ ಮತ್ತೆ ಐಗುಪ್ತದ ಉಳ್ಳಾಗಡ್ಡಿಗೆ ಬಾಯಿ ಬಿಡಬಾರದು ಎಂದೆ.

"ಅವರ ತಲಿಮ್ಯಾಗಿನ ಬುಟ್ಟಿನೂ ಇಳೀತೇನ್ರಿ, ಇಲ್ಲಾ ಬರೇ ಆತ್ಮ ಅಷ್ಟ ಬಿಡುಗಡಿ ಆತೇನ್ರಿ?" ಎಂದಳು ಹುಲಿಗವ್ವ.

"ಮೊದಲು ಆತ್ಮ. ಉಳಿದದ್ದು ಆಮೇಲೆ," ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ!

ಮರುದಿನ ನಾನು ಕುಕನೂರಿಗೆ ಹೊರಡಬೇಕಿತ್ತು. ಊರ ಗೌಡರು ನನ್ನ ಮೇಲಿನ ಗೌರವಕ್ಕೆ, ನನ್ನ ಪೆಟ್ಟಿಗೆ ಹೊರುವ ಆಳನ್ನು ಕರೆಯಲೆಂದು ಊರ ಕಾವಲಿನ ವಾಲೀಕಾರ ಖಾಜಾಸಾಬನನ್ನು ಸಣ್ಣಪ್ಪನ ಕೇರಿಗೆ ಕಳಿಸಿದರು. ಅಧಿಕಾರಿ ಬರಲಿ, ಅತಿಥಿ ಬರಲಿ, ಅವರ ಸಾಮಾನನ್ನು ಕೇರಿಯವರು ಕೂಲಿಯಿಲ್ಲದೆ ಮುಂದಿನ ಊರಿನ ಸೀಮೆಯವರೆಗೆ ಹೊರುವುದು ಅಲ್ಲಿನ ಬಿಟ್ಟಿ. ಮನೆಗೊಂದು ಪಾಳಿ. ಅಂದು ಸಣ್ಣಪ್ಪನದು.

"ಇವರ ಮೈ ಸುಡಾಕತ್ತೈತಿ ಅತ್ತಿ," ಎಂದಳು ಹುಲಿಗವ್ವ.

"ಇವನಪ್ಪ ಹೊತ್ತ, ಅಜ್ಜ ಹೊತ್ತ. ಪಾಳಿ ತಪ್ಪಿಸಿದ ಮನಿ ಊರಾಗ ಉಳದದ್ದ ಇಲ್ಲ," ಎಂದಳು ಮುದಕಮ್ಮ. "ಅದೂ ಉಪದೇಶಿಯವರ ಪೆಟಗಿ. ಪುಣ್ಯದ ಭಾರ."

ಎಲ್ಲರೂ ನನ್ನ ಮುಖ ನೋಡಿದರು. ನಾನೇ ಹೊರುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. "ನಿಧಾನಕ್ಕೆ ನಡಿ ಸಣ್ಣಪ್ಪ," ಎಂದೆ.

ಸೀಮೆಯಲ್ಲಿ ಮುಂದಿನ ಊರಿನವರು ಯಾರೂ ಬಂದಿರಲಿಲ್ಲ. ಅವನೇ ಮುಂದಕ್ಕೂ ಹೊತ್ತ. ಕುಕನೂರು ಕಾಣುವಷ್ಟರಲ್ಲಿ ಪೆಟ್ಟಿಗೆ ಇಳಿಸಿ, ನೀರು ಕೇಳಿ, ಬೇವಿನ ಕೆಳಗೆ ಮಲಗಿದ. ಮೂರನೆಯ ದಿನ ತೀರಿಕೊಂಡ. ಪೆಟ್ಟಿಗೆಯಲ್ಲಿದ್ದದ್ದು ನನ್ನ ಪುಸ್ತಕ, ಬೂಟು, ಎರಡು ಧೋತರ. ಓದುಗರೇ, ಇಷ್ಟಕ್ಕೆ ಒಬ್ಬ ಮನುಷ್ಯ ಹೋದ.

ಹದಿನೈದು ದಿನದ ಮೇಲೆ ನಾನು ಆ ಮನೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಾಗ ಖಾಜಾಸಾಬ ಮತ್ತೆ ಬಂದ. "ಪಾಳಿ ಬಂದೈತಿ. ಗಂಡಸಿಲ್ಲಂದ್ರ ಹೆಣ್ಮಗಳು ಬರಬೇಕಂತ. ಗೌಡ್ರು ಹೇಳ್ಯಾರ."

ಮುದಕಮ್ಮ ಹಳೆಯ ಅರಿವೆಯನ್ನು ಹೊರೆಯ ಕೆಳಗೆ ತಲೆಗಿಡುವ ಸಿಂಬಿಯಾಗಿ ಸುತ್ತತೊಡಗಿದಳು. ಹುಲಿಗವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬಿಚ್ಚಿದಳು.

"ಈ ಮನಿಯಿಂದ ಯಾರೂ ಬರಂಗಿಲ್ಲ ಅಣ್ಣಾ. ಇವತ್ತಷ್ಟ ಅಲ್ಲ, ಎಂದೂ."

"ಊರು ಬಿಡಸ್ತಾರವ್ವಾ."

"ಬಿಡಸಲಿ. ಹೊಂಟು ಬಂದ ಮಂದೀನ ದೇವರು ಅಡವ್ಯಾಗ ಉಪವಾಸ ಕೆಡವಲಿಲ್ಲಂತ. ಇವರ ಹೇಳ್ಯಾರ."

ಖಾಜಾಸಾಬ ನನ್ನ ಕಡೆ ತಿರುಗಿದ. "ಖರೇ ಏನ್ರಿ?"

ಹದಿನೇಳು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎದ್ದು ನಿಂತೆ.

"ಖರೇ," ಎಂದೆ. "ನಡೀರಿ, ಗೌಡರಿಗೆ ನಾನೇ ಹೇಳ್ತೀನಿ."

"ನೀವ್ಯಾಕ್ರಿ?" ಎಂದಳು ಹುಲಿಗವ್ವ. "ನನ್ನ ಮಾತು ನಾನ ಹೇಳತೀನಿ. ಬೇಕಾದ್ರ ಹಿಂದ ಬರ್ರಿ."

ಅವಳು ಹೊಸ್ತಿಲು ದಾಟಿ ಗೌಡರ ಮನೆಯ ಕಡೆಗೆ ಹೊರಟಳು. ನಾನು ಹಿಂದೆ ನಡೆದೆ.