ಅಗ್ಗದ ಪಿಸ್ತೂಲು, ಜಕಿಯಾಳ ಬೀಗದ ಕೈ ಗೊಂಚಲು

೧

ಈ ಕಥೆಯನ್ನು ಪಿಸ್ತೂಲಿನಿಂದ ಶುರು ಮಾಡಬೇಕೋ ಬೀಗದ ಕೈಯಿಂದಲೋ ಎಂದು ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಪಿಸ್ತೂಲಿನಿಂದ ಶುರು ಮಾಡಿದರೆ ನೀವು ಹೆಣಕ್ಕಾಗಿ ಕಾಯುತ್ತೀರಿ. ಬೀಗದ ಕೈಯಿಂದ ಶುರು ಮಾಡಿದರೆ ಅತ್ತೆ ಸೊಸೆ ಜಗಳಕ್ಕಾಗಿ ಕಾಯುತ್ತೀರಿ. ಇಲ್ಲಿ ಎರಡೂ ಇಲ್ಲ. ಈಗಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಮೋಸ ಅನ್ನಬೇಡಿ.

ಇರುವುದು ಒಂದು ಪ್ರಶ್ನೆ: ಟರ್ಕಿಯಿಂದ ಬಂದ ಅಗ್ಗದ ಪಿಸ್ತೂಲು ಕೊಳ್ಳಬಹುದೋ, ಬೇಡವೋ? ಕೇಳಿದವನು ಜಲಾಲ್. ದಾವಣಗೆರೆಯವನು, ನೆದರ್‌ಲ್ಯಾಂಡ್ಸಿನ ಆಲ್ಮೆರೆಯಲ್ಲಿ ಮನೆ, ಯುಟ್ರೆಕ್ಟ್‌ನ ಆಫೀಸಿನಲ್ಲಿ ಡೇಟಾಬೇಸ್ ಕೆಲಸ. ಕೇಳಿದ್ದು ನನ್ನನ್ನು. ನಾನು ರಜನಿ, ಮೈಸೂರಿನವಳು, ಯುಟ್ರೆಕ್ಟ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಬಿಡುವಿನಲ್ಲಿ ಕಥೆಗಾರ್ತಿ. (ಕೊರೊನಾ ಬಂದ ಮೇಲೆ ಬಿಡುವೇ ಬಿಡುವು, ಕಥೆ ಮಾತ್ರ ಬರುತ್ತಿರಲಿಲ್ಲ.) ನನಗೆ ಪಿಸ್ತೂಲಿನ ಗಂಧಗಾಳಿ ಗೊತ್ತಿಲ್ಲ. ಜಲಾಲ್ ನಾನೇ ಬರೆಯುತ್ತಿರುವ ಪಾತ್ರ. ಅವನಿಗೆ ನನ್ನ ಫೋನ್ ನಂಬರ್ ಹೇಗೆ ಸಿಕ್ಕಿತು ಅನ್ನುವುದು ನನಗೂ ಗೊತ್ತಿಲ್ಲ.

೨ (ಹರಿದು ಹಾಕಿದ ಮೊದಲ ಡ್ರಾಫ್ಟ್)

ಮೊದಲ ಡ್ರಾಫ್ಟಿನಲ್ಲಿ ಅವನ ಹೆಸರು ಜಯದೇವ. ‘ಜಯದೇವ ಪಿಸ್ತೂಲು ಕೊಳ್ಳಬೇಕೆಂದುಕೊಂಡ’ ಎಂದು ಶುರುವಾಗಿ ಒಂದೂವರೆ ಪುಟ ಬೆಣ್ಣೆಯ ಹಾಗೆ ಸಾಗಿತು. ಎರಡನೇ ಪುಟದ ಮಧ್ಯದಲ್ಲಿ ಅವನ ಹೆಂಡತಿ ಜಕಿಯಾಳ ಫೋನು.

“ಏನೇ ರಜನಿ, ನಮ್ಮನೆಯವ್ರ ಹೆಸ್ರು ಯಾಕೆ ಚೇಂಜ್ ಮಾಡ್ದೆ?”

“ಅದು ಹಂಗಲ್ಲ ಜಕಿಯಾ. ಜಲಾಲ್ ಅಂತ ಒಂದು ಪದ, ಪಕ್ಕದಲ್ಲೇ ಪಿಸ್ತೂಲು ಅಂತ ಇನ್ನೊಂದು ಪದ ಇದ್ರೆ, ಓದೋರು…”

“ಓದೋರು?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಜಯದೇವ ತಗೊಂಡ್ರೆ ಹಾಬಿ, ಜಲಾಲ್ ತಗೊಂಡ್ರೆ ಬ್ರೇಕಿಂಗ್ ನ್ಯೂಸಾ? ಇಲ್ಲಿನ್ ಪೊಲೀಸ್ರೇ ಅವ್ರನ್ನ ಒಂದು ವರ್ಷದ್ ಮೇಲೆ ಚೆಕ್ ಮಾಡಿ ಸುಮ್ನಿದ್ದಾರೆ. ನಿಂಗೇನೇ ಬಂತು ರೋಗ?”

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ, ಲೆಕ್ಕವಿಲ್ಲ. ಹೆಸರು ವಾಪಸ್ ಹಾಕಿದೆ. ಹುಬ್ಬೇರಿಸಿದ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಇಳಿಸಿಕೊಳ್ಳಿ. ನಾನೂ ಈಗ ತಾನೇ ಇಳಿಸಿಕೊಂಡೆ.

೩

ಹಾಗಾದರೆ ಉಸಿರಿನಿಂದ ಶುರು ಮಾಡುತ್ತೇನೆ.

೨೦೨೦ರ ಏಪ್ರಿಲ್‌ನಲ್ಲಿ ಆಂಬುಲೆನ್ಸ್ ಬಂದು ಜಲಾಲ್‌ನನ್ನು ಎತ್ತಿಕೊಂಡು ಹೋಯಿತು. ಹನ್ನೊಂದು ದಿನ ಆಸ್ಪತ್ರೆ. ಹೆಂಡತಿಗೂ ಒಳಗೆ ಪ್ರವೇಶವಿಲ್ಲ. ಮನೆಯಲ್ಲಿ ಜಕಿಯಾ, ಏಳು ವರ್ಷದ ಮಗಳು ಸುಬಿಯಾ, ಅಷ್ಟೇ. ಮೊದಲ ದಿನವೇ ಆಸ್ಪತ್ರೆಯವರು ವಿಮೆಯ ನಂಬರ್ ಕೇಳಿದರು. ಅದು ಅವನ ಲ್ಯಾಪ್‌ಟಾಪಿನಲ್ಲಿತ್ತು. ಲ್ಯಾಪ್‌ಟಾಪಿನ ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ಬ್ಯಾಂಕು, ಬಾಡಿಗೆ, ಸರ್ಕಾರದ ಪ್ರತಿ ಬಾಗಿಲಿಗೂ ಬೇಕಾದ ಡಿಜಿಡಿ ಲಾಗಿನ್, ಎಲ್ಲವೂ ಅದೇ ತಲೆಯಲ್ಲಿ. ಆ ತಲೆಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಜಕಿಯಾ ಕಾಗದಪತ್ರ ಹುಡುಕುತ್ತ, ಬೀಗ ಹಾಕಿದ್ದ ಕಪಾಟಿನ ಡ್ರಾಯರನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದಳು. ಒಳಗೆ ಕ್ಯಾಸೆಟ್ಟುಗಳಿದ್ದವು.

ಹನ್ನೆರಡನೆಯ ದಿನ ಜಲಾಲ್ ಮನೆಗೆ ಬಂದ. ಚಹಾ ಕೂಡ ಕುಡಿಯದೆ ಸುಬಿಯಾಳ ನೋಟ್‌ಬುಕ್ ತೆಗೆದುಕೊಂಡು ಎಲ್ಲ ಪಾಸ್‌ವರ್ಡ್ ಬರೆದ. ಮನೆಯ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲಿಗೆ ಪೋಣಿಸಿ ಹೆಂಡತಿಯ ಕೈಗಿಟ್ಟ.

“ಇನ್ಮೇಲೆ ಈ ಮನೇಲಿ ನಿನ್ ಕೈಲಿ ತೆಗಿಯಕ್ಕಾಗ್ದೇ ಇರೋ ಬೀಗ ಒಂದೂ ಇರಲ್ಲ. ಇದು ನನ್ ಮಾತು.”

(ಅವರಿಬ್ಬರೂ ಮಾತಾಡುವುದು ದಖನಿ ಉರ್ದುವಿನಲ್ಲಿ. ನಾನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇನೆ. ಜಕಿಯಾಳ ‘ನಕ್ಕೋ ಜೀ’ಯನ್ನು ಮಾತ್ರ ಹಾಗೆಯೇ ಬಿಡುತ್ತೇನೆ. ಬೇಡ ರೀ ಎಂದು ಬರೆದರೆ ಅದರ ಅರ್ಧ ಪ್ರೀತಿ, ಮುಕ್ಕಾಲು ಗದರಿಕೆ ಹೊರಟುಹೋಗುತ್ತದೆ.)

೪

ಡಚ್ ಮನೆಗಳ ಮೆಟ್ಟಿಲು ನಮ್ಮ ಕಡೆಯ ಅಟ್ಟದ ಏಣಿಯಂತೆ ಕಡಿದು. ಜಲಾಲ್ ಏಳನೇ ಮೆಟ್ಟಿಲಲ್ಲಿ ಕೂತುಬಿಡುತ್ತಿದ್ದ. ಫಿಸಿಯೋಥೆರಪಿಸ್ಟ್ ಎರಡು ತಿಂಗಳು ಬಲೂನು ಊದಿಸಿದರು, ಆಮೇಲೆ ತಾವು ಹೋಗುವ ಶೂಟಿಂಗ್ ಕ್ಲಬ್ಬಿಗೆ ಒಮ್ಮೆ ಬಾ ಎಂದರು. ಅಲ್ಲಿ ಗುರಿಗಿಂತ ಮೊದಲು ಕಲಿಸುವುದು ಉಸಿರು. ತುಂಬಾ ತೆಗೆದುಕೊಳ್ಳಬೇಕು, ಅರ್ಧ ಬಿಡಬೇಕು, ಉಳಿದರ್ಧ ಹಿಡಿದು ನಿಧಾನವಾಗಿ ಟ್ರಿಗರ್ ಒತ್ತಬೇಕು.

“ಆಸ್ಪತ್ರೇಲಿ ಉಸಿರು ತಾನಾಗೇ ನಿಂತೋಗೋದು ರಜನಿ ಅವ್ರೇ,” ಎಂದ ಜಲಾಲ್. “ಇಲ್ಲಿ ನಾನಾಗೇ ನಿಲ್ಲಿಸ್ತೀನಿ, ನಾನಾಗೇ ಬಿಡ್ತೀನಿ. ಎಷ್ಟ್ ಖುಷಿ ಗೊತ್ತಾ?”

ಮನೆಯಲ್ಲಿ ಅಭ್ಯಾಸಕ್ಕೆ ನೀರು ತುಂಬಿದ ಬಾಟಲಿ. ಅದನ್ನು ಪಿಸ್ತೂಲಿನಂತೆ ಕೈ ನೀಡಿ ಹಿಡಿದು, ಉಸಿರು ಕಟ್ಟಿ ನಿಲ್ಲುತ್ತಾನೆ, ಜಕಿಯಾ ಬೆಳ್ಳುಳ್ಳಿ ಬಿಡಿಸುತ್ತ ಎಣಿಸುತ್ತಾಳೆ. ಶುರುವಿನಲ್ಲಿ ನಾಲ್ಕಕ್ಕೇ ಕೆಮ್ಮು. ಕ್ಲಬ್ಬು ತೆರೆಯಿತು, ಲಾಕ್‌ಡೌನಿಗೆ ಮುಚ್ಚಿತು, ಮತ್ತೆ ತೆರೆಯಿತು. ಹೊಸ ಸದಸ್ಯರು ಒಂದು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಬೇಕು, ಆಮೇಲಷ್ಟೇ ಸ್ವಂತದ್ದಕ್ಕೆ ಪೊಲೀಸರ ಪರವಾನಗಿ ಕೇಳಬಹುದು. ೨೦೨೧ರಲ್ಲಿ ಚಳಿ ಶುರುವಾಗುವ ಹೊತ್ತಿಗೆ ಜಲಾಲ್‌ನ ವರ್ಷ ಮುಗಿಯಿತು. ಬಾಟಲಿಯ ಎಣಿಕೆ ಏಳಕ್ಕೆ ಬಂದಿತ್ತು.

೫

ಈಗ ಬಂತು ನೋಡಿ ನಮ್ಮ ಪ್ರಶ್ನೆ. ಟರ್ಕಿಯದ್ದು ಹೊಸದು, ಅಗ್ಗ. ಸ್ವಿಸ್ಸಿನದು ಸೆಕೆಂಡ್ ಹ್ಯಾಂಡ್, ಆದರೂ ಅದರ ಎರಡೂವರೆ ಪಟ್ಟು. ಜಲಾಲ್ ಎಕ್ಸೆಲ್ ಶೀಟ್ ಮಾಡಿ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಕುಕ್ಕರ್ ಕೊಳ್ಳುವಾಗ ಹೇಗೋ ಹಾಗೆಯೇ ಸಲಹೆ ಬಂತು.

ಚರಣ್: “ನಮ್ಮನೆ ವಾಷಿಂಗ್ ಮೆಷಿನ್ ಟರ್ಕಿದೇ ಗುರು. ಆರು ವರ್ಷ ಆಯ್ತು, ಒಂದ್ ಕಂಪ್ಲೇಂಟ್ ಇಲ್ಲ.”

ಹರಿಪ್ರಸಾದ: “ಬ್ಲ್ಯಾಕ್ ಫ್ರೈಡೇ ತನಕ ತಡ್ಕೊಳಿ.”

ಮೈಥಿಲಿ: “ಎಕ್ಸ್‌ಚೇಂಜ್ ಆಫರ್ ಇದ್ಯಾ?”

ನಾನೂ ಜಲಾಲ್ ಕಂಜೂಸ್ ಎಂದೇ ಅಂದುಕೊಂಡಿದ್ದೆ. ಹಾಗೆಂದು ಒಂದು ಹಾಸ್ಯದ ಪ್ಯಾರಾ ಬರೆದೂ ಇದ್ದೆ. ಅವನು ತಡೆದ.

“ದುಡ್ಡಿಗಲ್ಲ ರಜನಿ ಅವ್ರೇ. ಎರಡೂ ಹಿಡಿದು ನೋಡ್ದೆ. ಸ್ವಿಸ್ಸಿಂದು ಟ್ರಿಗರ್ ಬೆಣ್ಣೆ, ಐದು ಎಣ್ಸೋಷ್ಟ್ರಲ್ಲಿ ಮುಗೀತು. ಟರ್ಕಿದು ಗಟ್ಟಿ. ಕೈ ಅಲ್ಲಾಡ್ದಂಗೆ ಒತ್ತಕ್ಕೆ ಹತ್ತು ಎಣಿಸ್ಬೇಕು. ನಂಗೆ ಅದೇ ಬೇಕು. ಹತ್ತು.”

ಹಾಸ್ಯದ ಪ್ಯಾರಾ ಅಳಿಸಿದೆ. ಚೆನ್ನಾಗಿತ್ತು, ನಿಮಗೆ ಸಿಗಲಿಲ್ಲ.

೬

ಪಿಸ್ತೂಲಿಗಿಂತ ಮೊದಲು ತಿಜೋರಿ ಬರಬೇಕು. ಉಕ್ಕಿನದ್ದು, ಗೋಡೆಗೆ ಬೋಲ್ಟ್ ಹಾಕಿದ್ದು. ಪೊಲೀಸರು ಮನೆಗೇ ಬಂದು ನೋಡುತ್ತಾರೆ. ನವೆಂಬರಿನ ಒಂದು ಬೆಳಿಗ್ಗೆ ಮಾಸ್ಕ್ ಹಾಕಿಕೊಂಡ ಅಧಿಕಾರಿಣಿ ಬಂದರು. ಜಕಿಯಾ ಆರು ಗಂಟೆಗೇ ಎದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಶಾವಿಗೆ ಪಾಯಸ ಮಾಡಿಟ್ಟಿದ್ದಳು. ಆಕೆ ಒಂದು ಲೋಟ ನೀರು ಸಾಕು ಎಂದರು. (ಬಜ್ಜಿಯನ್ನು ಸಂಜೆ ನಾನು ತಿಂದೆ. ಪಾತ್ರಗಳ ಮನೆಯಲ್ಲಿ ತಿನ್ನಬಾರದು ಎಂದು ಯಾವ ವಿಮರ್ಶಕರೂ ಹೇಳಿಲ್ಲ.)

ಮೇಲಿನ ಕೋಣೆಯಲ್ಲಿ ತಿಜೋರಿಯನ್ನು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಸಂತೋಷಪಟ್ಟರು. ತೆರೆಯಿರಿ ಎಂದು ಜಲಾಲ್‌ಗೆ ಹೇಳಿದರು.

ಜಲಾಲ್ ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಜಕಿಯಾ ಹೆಮ್ಮೆಯಿಂದ ಗೊಂಚಲು ತೆಗೆದು, ಒಂದೇ ಸಲಕ್ಕೆ ಸರಿಯಾದ ಬೀಗದ ಕೈ ಆರಿಸಿ, ತಿಜೋರಿ ತೆರೆದಳು. ಒಳಗೆ ಅವಳ ಮದುವೆಯ ಒಡವೆ, ಮೂರು ಪಾಸ್‌ಪೋರ್ಟ್, ನಿಕಾಹ್‌ನಾಮೆ, ಒಂದು ಪುಟ್ಟ ಡಬ್ಬಿಯಲ್ಲಿ ಸುಬಿಯಾಳ ಉದುರಿದ ಹಾಲುಹಲ್ಲು, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ. ಮನೆಗೆ ಅಷ್ಟು ಭದ್ರವಾದ ತಿಜೋರಿ ಬಂದ ಮೇಲೆ ಬೆಲೆಬಾಳುವುದೆಲ್ಲ ಅದರೊಳಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಬೀಗದ ಕೈ ಮನೆಯೊಡತಿಯ ಹತ್ತಿರ ಇರದೆ ಇನ್ಯಾರ ಹತ್ತಿರ ಇರಬೇಕು? ನಮ್ಮ ಯಾವ ಮನೆಯಲ್ಲೂ ಇದು ತಪ್ಪಲ್ಲ.

ಅಧಿಕಾರಿಣಿ ಬೈಯಲಿಲ್ಲ. ಹಾಲುಹಲ್ಲಿನ ಡಬ್ಬಿ ನೋಡಿ ಮಾಸ್ಕಿನೊಳಗೇ ನಕ್ಕರು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ತಿಜೋರಿ ಪೂರ್ತಿ ಖಾಲಿ ಮಾಡಬೇಕು. ಬೀಗದ ಕೈ ಪರವಾನಗಿ ಪಡೆದವರ ಹತ್ತಿರ ಮಾತ್ರ ಇರಬೇಕು. ಮನೆಯ ಬೇರೆ ಯಾರ ಕೈಗೂ ಸಿಗಬಾರದು, ಹೆಂಡತಿಯ ಕೈಗೂ. ಎರಡು ವಾರ ಬಿಟ್ಟು ಬರುತ್ತೇನೆ, ಸರಿಮಾಡಿಡಿ.

ಬಾಗಿಲು ಹಾಕಿದ ಮೇಲೆ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲಿನ ಮೇಲೆ ಕೂತರು. ಏಳನೇ ಮೆಟ್ಟಿಲೇ ಎಂದು ಬರೆಯುವ ಆಸೆ ನನಗೆ. ನಿಜದಲ್ಲಿ ಮೂರನೆಯದು.

೭ (ಅಂತ್ಯಗಳು)

ಅ. ಜಲಾಲ್ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿಕೊಂಡ, ಪಿಸ್ತೂಲು ಕೊಂಡ. ಜಕಿಯಾಳ ಕಣ್ಣು ತುಂಬಿ ಬಂತು.

“ಯಾವಾಗ್ ನೋಡಿದ್ರೂ ನನ್ ಕಣ್ಣೇ ಯಾಕೆ ತುಂಬ್ಸ್ತೀಯಾ? ನಿನ್ ಕಥೆಗಳಲ್ಲಿ ಹೆಂಗಸ್ರಿಗೆ ಬೇರೆ ಕೆಲ್ಸ ಇಲ್ವಾ?” ಎಂದಳು ಜಕಿಯಾ. ಹರಿದು ಹಾಕಿದೆ.

ಆ. ಜಲಾಲ್ ಅಂಗಡಿಗೆ ಫೋನ್ ಮಾಡಿ ಪಿಸ್ತೂಲು ಬೇಡ ಅಂದ. ಹೆಂಡತಿಗೆ ಕೊಟ್ಟ ಮಾತೇ ದೊಡ್ಡದು. ಹಿನ್ನೆಲೆಯಲ್ಲಿ ಕೊಳಲು.

“ಬೇಡ ರಜನಿ ಅವ್ರೇ,” ಎಂದ ಜಲಾಲ್. “ತ್ಯಾಗ ಮಾಡ್ದೆ ಅಂತ ಇಪ್ಪತ್ತು ವರ್ಷ ಅವಳ ಮುಂದೆ ಹೇಳ್ತಾನೇ ಇರ್ತೀನಿ. ಅದು ಪಿಸ್ತೂಲಿಗಿಂತ ಡೇಂಜರ್.”

ಇ. ಗುಟ್ಟಾಗಿ ಇನ್ನೊಂದು ಕೀ ಮಾಡಿಸಿ ಜಕಿಯಾಗೆ ಕೊಟ್ಟ. (ನಿಮಗೂ ಮೊದಲು ಹೊಳೆದದ್ದು ಇದೇ ತಾನೇ? ನಾಚಿಕೊಳ್ಳಬೇಡಿ, ನಾವೆಲ್ಲ ಒಂದೇ ಊರಿನವರು.)

“ಆ ಮೇಡಮ್ಮಿಗೆ ಹೂಂ ಅಂತ ಮಾತು ಕೊಟ್ಟಿದ್ದೀನಿ,” ಎಂದ ಜಲಾಲ್.

“ಜಕಿಯಾಗೂ ಒಂದು ಮಾತು ಕೊಟ್ಟಿದ್ದೀರಲ್ಲ?” ಎಂದೆ.

ಅವನು ಫೋನು ಇಟ್ಟುಬಿಟ್ಟ. ಹಾಗೆ ಇಡುವುದನ್ನು ನಾನು ಬರೆದಿರಲಿಲ್ಲ.

ಈ. ಪಿಸ್ತೂಲು ಸಿಡಿಯಿತು.

ಇದು ಸುಮ್ಮನೆ ಬರೆದದ್ದು. ಪಿಸ್ತೂಲು ಇನ್ನೂ ಅಂಗಡಿಯಲ್ಲೇ ಇದೆ.

೮

ಅಧಿಕಾರಿಣಿ ಮತ್ತೆ ಬರುವ ಹಿಂದಿನ ದಿನ, ಭಾನುವಾರ ಸಂಜೆ ನಾಲ್ಕಕ್ಕೆ ವೀಡಿಯೋ ಕಾಲ್. ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ನಾನು. ಒಡವೆಗಳು ಅಕ್ಕಿ ಡಬ್ಬಕ್ಕೆ ಹೋಗಿದ್ದವು. ತಿಜೋರಿ ಖಾಲಿ. ಎರಡು ಚಹಾ ಲೋಟಗಳ ನಡುವೆ, ಗೊಂಚಲಿನಿಂದ ಬಿಡಿಸಿದ ಒಂದೇ ಒಂದು ಬೀಗದ ಕೈ.

“ತಗೊಳಿ,” ಎಂದಳು ಜಕಿಯಾ.

“ನಾನ್ ಮಾತು ಕೊಟ್ಟಿದ್ದೆ ನಿಂಗೆ.”

“ನಕ್ಕೋ ಜೀ, ಆ ಮಾತು ನಂಗೆ ಬೇಡ.” ಅವಳು ಗೊಂಚಲು ಎತ್ತಿ ಹಿಡಿದಳು. “ಈ ಕೀಗಳೆಲ್ಲ ನನ್ ಹತ್ರ ಯಾಕಿವೆ? ನೀವು ಹೋದ್ರೆ ನಾನು ಒದ್ದಾಡ್ಬಾರ್ದು ಅಂತ. ಒಂದೂವರೆ ವರ್ಷದಿಂದ ಇದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡ್ತಿದ್ದೀನಿ. ಬಾಗ್ಲು ತೆಗಿಯೋವಾಗೆಲ್ಲ ನೀವಿಲ್ದಿರೋ ಮನೇನೇ ತೆಗೀತಿದೀನಿ ಅನ್ಸುತ್ತೆ. ನಂಗೆ ಸಾಕಾಗಿದೆ. ಒಂದು ಕೀನಾದ್ರೂ ನೀವು ಇಟ್ಕೊಳಿ. ಇರೋ ಮನುಷ್ಯನ ಹತ್ರ ಒಂದು ಕೀ ಇರುತ್ತೆ.”

ಇದನ್ನು ನಾನು ಬರೆದಿರಲಿಲ್ಲ. ಇಷ್ಟು ದಿನ ಅವಳ ಹೆದರಿಕೆ ಬೀಗದ ಬಗ್ಗೆ ಎಂದು ನಂಬಿ ಮೂರು ಅಂತ್ಯ ವ್ಯರ್ಥ ಮಾಡಿದ್ದೆ. ಅವಳ ಮೇಲೆ ಆ ಕ್ಷಣದಲ್ಲಿ ಬಂದಷ್ಟು ಪ್ರೀತಿ ನನಗೆ ನನ್ನ ಯಾವ ಪಾತ್ರದ ಮೇಲೂ ಬಂದಿಲ್ಲ.

“ಮತ್ತೆ ಹಂಗೇ ಆದ್ರೆ?” ಎಂದ ಜಲಾಲ್, ಮೆಲ್ಲಗೆ.

“ಆದ್ರೆ ಒಡೆಸ್ತೀನಿ. ಸ್ಕ್ರೂಡ್ರೈವರ್ ಎಲ್ಲಿದೆ ಅಂತ ನಂಗೊತ್ತು.”

ಅವನು ಬೀಗದ ಕೈ ಮುಟ್ಟಲಿಲ್ಲ. ಅದನ್ನೇ ನೋಡುತ್ತ ಕೂತ. ಜಕಿಯಾ ಎದ್ದು ಹೋಗಿ ನೀರಿನ ಬಾಟಲಿ ತುಂಬಿಸಿಕೊಂಡು ಬಂದಳು.

“ಪಪ್ಪಾ, ನಾಟ್ ಅಗೇನ್!” ಎಂದಳು ಸೋಫಾದ ಮೇಲಿಂದ ಸುಬಿಯಾ.

“ಏಳಿ. ಆ ಟರ್ಕಿದು ನಿಮ್ಗೆ ಆಗುತ್ತೋ ಇಲ್ವೋ ನೋಡೇಬಿಡೋಣ,” ಎಂದಳು ಜಕಿಯಾ.

ಜಲಾಲ್ ಎದ್ದು ನಿಂತ. ಉಸಿರು ತುಂಬಿಕೊಂಡ, ಅರ್ಧ ಬಿಟ್ಟ, ಕೈ ನೀಡಿದ. ನಿಂತ ಮೇಲೆ ಅವನ ಸೊಂಟದಿಂದ ಕೆಳಗೆ ಮಾತ್ರ ನನ್ನ ಪರದೆಯಲ್ಲಿತ್ತು. ಒಂದು, ಎಂದಳು ಜಕಿಯಾ. ಎರಡು. ನಾನೂ ಯುಟ್ರೆಕ್ಟ್‌ನಲ್ಲಿ ಉಸಿರು ಹಿಡಿದೆ, ಐದಕ್ಕೇ ಸೋತೆ. ಏಳು. ಅಲ್ಲಿಂದ ಮುಂದೆ ಅವನು ಎಂದೂ ಹೋಗಿರಲಿಲ್ಲ. ಎಂಟು. ಸುಬಿಯಾ ಸೋಫಾದಿಂದ ಇಳಿದು ಬಂದು ಅಮ್ಮನ ಜೊತೆ ಡಚ್ಚಿನಲ್ಲಿ ಎಣಿಸತೊಡಗಿದಳು. ಒಂಬತ್ತು. ಹತ್ತು. ಹತ್ತಕ್ಕೆ ನಿಲ್ಲಿಸಬೇಕಿತ್ತು, ಯಾರೂ ನಿಲ್ಲಿಸಲಿಲ್ಲ.

ಹನ್ನೊಂದು, ಎಂದಳು ಜಕಿಯಾ.

ಅಷ್ಟರಲ್ಲಿ ಸುಬಿಯಾಳ ಮೊಣಕೈ ತಗುಲಿ ಲ್ಯಾಪ್‌ಟಾಪ್ ಗೋಡೆಯ ಕಡೆಗೆ ತಿರುಗಿತು. ಅವನು ಬೀಗದ ಕೈ ಎತ್ತಿಕೊಂಡನೋ, ಬಿಟ್ಟನೋ, ಮರುದಿನ ಅಧಿಕಾರಿಣಿ ಬಂದಾಗ ಅದು ಯಾರ ಹತ್ತಿರವಿತ್ತೋ, ಟರ್ಕಿಯ ಪಿಸ್ತೂಲು ಆ ದುಡ್ಡಿಗೆ ಲಾಯಕ್ಕೋ ಅಲ್ಲವೋ, ನನ್ನನ್ನು ಕೇಳಬೇಡಿ. ಬರೆಯುವವಳು ನಾನು, ‘ಜಕಿಯಾ ಲ್ಯಾಪ್‌ಟಾಪನ್ನು ಮತ್ತೆ ಇತ್ತ ತಿರುಗಿಸಿದಳು’ ಎಂದು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಬೆಳ್ಳಗಿನ ಗೋಡೆಯನ್ನೇ ನೋಡುತ್ತ ಕಿವಿಗೊಟ್ಟು ಕೂತೆ.

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಉದ್ದಕ್ಕೆ, ನಿಧಾನವಾಗಿ, ತಾನಾಗೇ.